ಚಳ್ಳಕೆರೆಯಿಂದ ಅವ್ವನ ಕೇರಿಗೆ ಹದಿನೆಂಟು ನಿಮಿಷ

೨೩-೧೧-೧೯೩೨, ಬುಧವಾರ. ಚಳ್ಳಕೆರೆ. ಸಂಜೆ

ಶಾಲೆ ಬಿಟ್ಟಾಯಿತು. ಹಲಗೆ ಬಳಪ ಒಳಗಿಟ್ಟೆ. ಬಾಗಿಲಿಗೆ ಚಿಲಕವಿಲ್ಲ, ಕಲ್ಲು ಒತ್ತರಿಸಿದೆ. ನಮ್ಮ ಕೇರಿಯ ಆದಿಕರ್ನಾಟಕ ಶಾಲೆಯಲ್ಲಿ ಕದಿಯುವಂಥದ್ದು ಏನಿದೆ — ಮೇಷ್ಟ್ರನ್ನು ಬಿಟ್ಟರೆ!

ಇವತ್ತೂ ನಕ್ಷೆಯ ಪಾಠವೇ. ಮಿಡ್ಲ್ ಸ್ಕೂಲಿನವರು ಎಸೆಯಬೇಕೆಂದಿದ್ದ ಜಿಲ್ಲೆಯ ನಕ್ಷೆ ನಮಗೆ ದಾನವಾಗಿ ಬಂದಿದೆ. ಹೊಳಲ್ಕೆರೆಯನ್ನು ಇಲಿ ತಿಂದಿದೆ. ತಿನ್ನಲಿ. ಚಳ್ಳಕೆರೆ, ಮೊಳಕಾಲ್ಮೂರು ಉಳಿದಿವೆ. ನನಗೆ ಅಷ್ಟು ಸಾಕು. ಇಲ್ಲಿ ನನ್ನ ಸಂಬಳ, ಅಲ್ಲಿ ನನ್ನ ಅವ್ವ.

ಅವ್ವ ಕೊಟ್ಟ ಕೆಂಪು ರೇಷ್ಮೆ ಎಳೆ ಹಿಡಿದು ಎರಡು ಊರಿನ ನಡುವೆ ಬಿಗಿಯಾಗಿ ಎಳೆದೆ. ನೇರಕ್ಕೆ ಇಪ್ಪತ್ತೊಂಬತ್ತು ಮೈಲಿ. ಅದೇ ಎಳೆಯನ್ನು ಮೋಟಾರು ರಸ್ತೆಯ ಮೇಲೆ ಬಳುಕಿಸಿ ಇಟ್ಟೆ. ಮೂವತ್ತೈದು. ಮೂರನೆಯ ಸಲ ನಮ್ಮವರು ನಡೆಯುವ ದಾರಿಯ ಮೇಲೆ ಇಡಲು ಹೋದೆ. ಆ ದಾರಿ ನಕ್ಷೆಯಲ್ಲೇ ಇಲ್ಲ. ಪ್ರತಿ ಊರು ಬಂದಾಗಲೂ ಬೀದಿ ಬಿಟ್ಟು ಆಚೆ ಬಳಸಿ, ಕೆರೆಯ ಹಿಂದೆ, ಗುಡ್ಡದ ಹಿಂದೆ, ತಿಪ್ಪೆಯ ಹಿಂದೆ... ನೆನಪಿನ ಮೇಲೆ ಬಾಗಿಸುತ್ತಾ ಹೋದೆ. ನಲವತ್ತೊಂದು ದಾಟಿತು. ಎಳೆ ಸಾಲಲಿಲ್ಲ.

ಎರಡೇ ಊರು. ಮೂರು ದೂರ.

ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯಲ್ಲಿ ಓದಿದೆ — ಮುಂಬಯಿಯಿಂದ ಬಳ್ಳಾರಿಗೆ ಟಪಾಲು ವಿಮಾನ ಬಂದು ಇಳಿಯುತ್ತದಂತೆ, ಅಲ್ಲಿಂದ ಮದ್ರಾಸಿಗೆ ಹಾರುತ್ತದಂತೆ. ಗಂಟೆಗೆ ನೂರು ಮೈಲಿಯಂತೆ. ಹಾಗಾದರೆ ಇಲ್ಲಿಂದ ಅವ್ವನ ಹತ್ತಿರಕ್ಕೆ ಹದಿನೆಂಟು ನಿಮಿಷ. ಬಳಪದಲ್ಲಿ ಬರೆದೆ. ಮತ್ತೆ ಕೂಡಿದೆ, ಭಾಗಿಸಿದೆ. ಹದಿನೆಂಟೇ. ಒಂದು ಮುದ್ದೆ ಬೇಯುವಷ್ಟು ಹೊತ್ತು.

ಹಲಗೆ ಒರೆಸಲು ಕೈ ಬರಲಿಲ್ಲ. ಹಾಗೇ ಬಿಟ್ಟು ಬಂದೆ.

೨೭-೧೧, ಭಾನುವಾರ. ಮೊಳಕಾಲ್ಮೂರು

ಶುಕ್ರವಾರ ಸಂಜೆ ಹೊರಟು ಶನಿವಾರ ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆ. ಹೋದ ತಿಂಗಳಿಗಿಂತ ಅವ್ವನ ಕಣ್ಣುಗಳು ಬೆಳ್ಳಗಾಗಿವೆ. ಪೊರೆ. ನಾನು ಬಾಗಿಲಲ್ಲಿ ನಿಂತರೆ "ಯಾರು?" ಎಂದಳು. ಕೆಮ್ಮಿದ ಮೇಲೆ "ಓಬನಾ" ಎಂದಳು.

ಮಗ್ಗದ ನಾಗರಾಜಪ್ಪನಿಗೆ ರೇಷ್ಮೆ ಹುರಿ ಮಾಡಿಕೊಟ್ಟು ಅವ್ವ ನನ್ನನ್ನು ಓದಿಸಿದ್ದು. ರೇಷ್ಮೆಗೆ ಮೈಲಿಗೆಯಿಲ್ಲ ಎಂಬುದು ಶಾಸ್ತ್ರ. ಮಾದಿಗರ ಹೆಂಗಸು ತೊಡೆಯ ಮೇಲೆ ಹೊಸೆದ ಎಳೆಯನ್ನೇ ಉಟ್ಟು ಮಡಿಯವರು ಪೂಜೆಗೆ ಕೂರುತ್ತಾರೆ. ಎಳೆಯನ್ನು ಒಳಗೆ ಕರೆದು ಹೊಸೆದ ಕೈಯನ್ನು ಹೊರಗೆ ನಿಲ್ಲಿಸುವ ಶಾಸ್ತ್ರ! ಥೂ.

ನಾಗರಾಜಪ್ಪ ಬೆಳಗ್ಗೆ ಹುರಿಯ ಲಡಿ ತೆಗೆದುಕೊಳ್ಳಲು ಬಂದ. ಮನೆಮಾತು ತೆಲುಗು. ಕೆಟ್ಟವನಲ್ಲ. ಉಗುರಲ್ಲಿ ಎಳೆ ಸವರಿ ನೋಡಿದ.

"ಏಮಮ್ಮಾ ಯರ್ರಮ್ಮ, ಇದ್ರಾಗೆ ಮುಡಿ ಮುಡಿ ಐತಲ್ಲ. ಮಗ್ಗದಾಗೆ ಹೆಂಗೆ ಹಾಯ್ತೈತೆ?"

"ಬೆರಳಿಗೆ ತಾಕಿದ್ದ ಗಂಟೆಲ್ಲ ಬಿಡ್ಸೀನಿ ಸಾಮಿ. ತಾಕದ್ದು ಉಳ್ಕಂಡೈತೆ."

"ಕಣ್ಣು ಸರಿ ಮಾಡ್ಸಮ್ಮ. ಇಲ್ಲಾಂದ್ರೆ ಸಂಕ್ರಾಂತಿ ಆದ್ಮೇಲೆ ಬ್ಯಾರೆಯೋರಿಗೆ ಕೊಡ್ಬೇಕಾಯ್ತದೆ. ನೀನೇ ಹೇಳು, ನಾನೇಂ ಚೇಯಾಲಿ?"

ಅವನು ಹೋದ ಮೇಲೆ ಅವ್ವ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು, ಬೈಯುವವಳಂತೆ.

ಮಾತು ಬೇರೆ ಕಡೆ ತಿರುಗಲೆಂದು ವಿಮಾನದ ಸುದ್ದಿ ಹೇಳಿದೆ. ಹದಿನೆಂಟು ನಿಮಿಷದ ಲೆಕ್ಕವನ್ನೂ.

"ಮ್ಯಾಲೆ ಮ್ಯಾಲೆ ಹೋಗ್ತೈತಾ?"

"ಹೂಂ ಕಣವ್ವ. ನೇರಕ್ಕೆ."

"ದಾರೀಲಿ ಕೆಂಪಗುಡ್ಡದ ಹಟ್ಟಿ ಬಂದಾಗ?"

"ಬಂದಾಗ ಏನು?"

"ಅಲ್ಲಿ ಇಮಾನನೂ ಕೆರೆ ಹಿಂದಾಸಿ ಸುತ್ತಾಕ್ಕೊಂಡು ಹೋಗ್ತೈತೇನ್ಲಾ?"

ನಕ್ಕಳು. ನಾನು ನಗಲಿಲ್ಲ.

೧-೧೨, ಗುರುವಾರ. ಚಳ್ಳಕೆರೆ

ಆಸ್ಪತ್ರೆಯ ಗೋಡೆಗೆ ನೋಟೀಸು. ಬೆಂಗಳೂರಿನಿಂದ ಕಣ್ಣಿನ ಡಾಕ್ಟರು. ಇದೇ ಹನ್ನೆರಡರಿಂದ ಹದಿನೈದರ ಮಧ್ಯಾಹ್ನದವರೆಗೆ. ಪೊರೆ ತೆಗೆಯುತ್ತಾರೆ. ಕಾಸಿಲ್ಲ.

ಕಾಂಪೌಂಡರನ್ನು ಕೇಳಿದೆ, ನಮ್ಮವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು.

"ಕಣ್ಣಿಗೆ ಯಾವ ಜಾತಿ ಮೇಷ್ಟ್ರೇ? ಕರ್ಕೊಂಡು ಬರ್ರಿ. ಹದಿನೈದ್ನೇ ತಾರೀಕು ಗುರುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಬಂದ್ರೆ ಆಯ್ತು. ಆಮೇಲೆ ಬಂದ್ರೆ ಇನ್ನೊಂದು ವರ್ಷ."

ಅಲ್ಲಿಂದ ಮೋಟಾರು ಏಜೆಂಟನ ಹತ್ತಿರ. ಅವ್ವನಿಗೆ ಒಂದು ಸೀಟು, ಪೂರ್ತಿ ಚಾರ್ಜು ಕೊಡುತ್ತೇನೆ ಎಂದೆ. ಅವನು ನನ್ನನ್ನು ನೋಡಿ ಮೋಟಾರಿನ ನೆತ್ತಿ ನೋಡಿದ. ಮೂಟೆಗಳು, ಕೋಳಿಪಂಜರ. "ಮ್ಯಾಲೆ ಕೂರ್ಸು. ಗಟ್ಟಿಯಾಗಿ ಹಿಡ್ಕಂಡ್ರೆ ಏನೂ ಆಗಲ್ಲ."

ಕಣ್ಣು ಕಾಣದ ಮುದುಕಿ. ಮೋಟಾರಿನ ನೆತ್ತಿಯ ಮೇಲೆ.

ನಡೆಸಿಕೊಂಡೇ ತರಬೇಕು. ನಡೆಯುತ್ತಾಳೆ, ಗಟ್ಟಿ ಜೀವ. ತೊಡಕು ಒಂದೇ — ಕೆಂಪಗುಡ್ಡದ ಹಟ್ಟಿ. ಚಳ್ಳಕೆರೆ ಏಳೇ ಮೈಲಿ ಉಳಿದಿರುವಲ್ಲಿ ಕೂತಿದೆ, ಗಂಟಲಲ್ಲಿ ಮುಳ್ಳು ಕೂತ ಹಾಗೆ. ಬೇರೆ ಊರುಗಳಲ್ಲಿ ಸುತ್ತುದಾರಿ ಬಯಲಲ್ಲಿದೆ, ಕೈ ಹಿಡಿದು ನಡೆಸಬಹುದು. ಇಲ್ಲಿ ಕೆರೆಯಂಗಳದ ದಾರಿ ಈ ವರ್ಷ ನೀರಲ್ಲಿ ಮುಳುಗಿದೆ. ಉಳಿದಿದ್ದು ಹಿಂದಿನ ಬಂಡೆಗುಡ್ಡ. ಮೇಕೆ ಹತ್ತುವ ದಾರಿ. ಅವ್ವ ಹತ್ತಲಾರಳು.

ಬೀದಿಯೋ — ಎರಡು ಫರ್ಲಾಂಗು. ಅಂಗೈ ಹಾಗೆ ಸಮತಟ್ಟು.

೪-೧೨, ಭಾನುವಾರ

ಕೆಂಪಗುಡ್ಡದ ಹಟ್ಟಿಗೆ ಹೋಗಿದ್ದೆ. ಬೀದಿಯ ಆಚೆ ತುದಿಯ ಮನೆಯ ಜಗುಲಿಯ ಮೇಲೆ ಪಟೇಲ ಮಲ್ಲಿಕಾರ್ಜುನಪ್ಪನವರು ಎಲೆ ಹಾಕಿಕೊಳ್ಳುತ್ತಿದ್ದರು. ಅಂಗಳದಾಚೆ ನಿಂತು ಹೇಳಿದೆ — ಅವ್ವನಿಗೆ ಕಣ್ಣು ಕಾಣದು, ಒಂದು ದಿನ ಬೀದಿಯಲ್ಲಿ ಕರೆದುಕೊಂಡು ಹೋಗುತ್ತೇನೆ.

"ಯಾರು ಬ್ಯಾಡ ಅಂದ್ರು?"

ಇನ್ನೊಂದು ಎಲೆಗೆ ಸುಣ್ಣ ಸವರಿದರು.

"ಸರ್ಕಾರದ ಹುಕುಂ ಆಗಿ ಎಷ್ಟು ವರ್ಷ ಆತು. ಬೀದಿ ಎಲ್ರದು. ನಿಮ್ಮೋರೇ ಹೋಗಲ್ಲಪ್ಪ, ನಾನೇನು ಮಾಡ್ಲಿ?"

"ನಮ್ಮೋರು ಬಂಡೆ ಹತ್ತಿ ಹೋಗ್ತಾರಲ್ಲ ಸ್ವಾಮಿ, ಆ ದಾರಿ..."

"ಯಾವ ದಾರಿ? ಅಂಥ ದಾರಿ ಇದ್ದಿದ್ರೆ ನನ್ನ ಕಾಗದದಾಗೆ ಇರ್ತಿತ್ತು. ಇಲ್ಲ. ಹೋದ ವರ್ಷ ತಾಲ್ಲೂಕಿನ ಅಮಲ್ದಾರರು ಕೇಳಿದಾಗ್ಲೂ ಅದನ್ನೇ ಬರ್ದುಕೊಟ್ಟೀನಿ."

"ಹಂಗಾದ್ರೆ ಬೀದಿಯಾಗೆ ಕರ್ಕೊಂಡು ಬತ್ತೀನಿ."

ಎಲೆ ಉಗಿದರು. ಕೆಂಪಗೆ, ನನ್ನ ಕಾಲಿಂದ ಮೊಳ ದೂರದಲ್ಲಿ. "ಬಾ. ಆಮೇಲೆ ಹುಡುಗ್ರು ಏನಾದ್ರೂ ಮಾಡಿದ್ರೆ ನನ್ನ ಮುಂದೆ ಬಂದು ಅಳಬ್ಯಾಡ. ನಾನು ಅವತ್ತು ಊರಾಗೆ ಇರಾಕಿಲ್ಲ."

ಹೋದ ಯುಗಾದಿಯಲ್ಲಿ ಇದೇ ಬೀದಿಗೆ ಕಾಲಿಟ್ಟ ನಮ್ಮವನೊಬ್ಬನ ಕೈ ಇನ್ನೂ ನೆಟ್ಟಗಾಗಿಲ್ಲ. ಅದೂ ಅವರ ಕಾಗದದಲ್ಲಿಲ್ಲ.

ಹೋಗುವಾಗಲೂ ಬರುವಾಗಲೂ ಬಂಡೆಗುಡ್ಡದ ಮೇಲೇ ನಡೆದೆ. ಹೌದು, ನಾನೂ. ಅಂಗಿ ತೊಟ್ಟ, ಇಂಗ್ಲಿಷ್ ಕಲಿತ ಮೇಷ್ಟ್ರು. ಕಲ್ಲು ನುಣುಪಾಗಿದೆ. ನನ್ನ ತಾತ, ಮುತ್ತಾತ, ಅವರ ಅವ್ವಂದಿರು ತುಳಿದು ತುಳಿದು ನುಣುಪಾಗಿದೆ. ಇದನ್ನು ಇಲ್ಲ ಅನ್ನುತ್ತಾನೆ!

೧೧-೧೨, ಭಾನುವಾರ. ಸಂಜೆ

ಏಳು ದಿನ ಚಳಿಜ್ವರ. ಮೊನ್ನೆಯೇ ಹೊರಡಬೇಕಿತ್ತು. ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು.

ಈಗ ನಾಳೆ ಹೊರಟರೆ ಮಂಗಳವಾರ ಸಂಜೆ ಅಲ್ಲಿ. ಅವ್ವನನ್ನು ನಡೆಸಿಕೊಂಡು ಬರಲು ಕಡಿಮೆಯೆಂದರೂ ಎರಡೂವರೆ ದಿನ. ಶುಕ್ರವಾರ. ಡಾಕ್ಟರು ಗುರುವಾರ ಹೊರಟಿರುತ್ತಾರೆ.

ಹೇಗೆ ಕೂಡಿದರೂ ಕೂಡುವುದಿಲ್ಲ. ಆದರೂ ಹೊರಡುತ್ತೇನೆ. ಬುತ್ತಿ ಕಟ್ಟಿದ್ದೇನೆ. ಹೊರಡದೆ ಏನು ಮಾಡಲಿ...

೧೨-೧೨, ಸೋಮವಾರ. ಮೊಳಕಾಲ್ಮೂರು. ಸಂಜೆ

ಅಕ್ಷರ ಸೊಟ್ಟಗಾದರೆ ಆಗಲಿ.

ನಾನು ಮೊಳಕಾಲ್ಮೂರಿನಲ್ಲಿದ್ದೇನೆ. ಇವತ್ತು ಬೆಳಗ್ಗೆ ಚಳ್ಳಕೆರೆಯಲ್ಲಿದ್ದೆ. ಎರಡೂ ನಿಜ. ಬರೆದು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೇನೆ.

ನಡೆದದ್ದು ನಡೆದ ಹಾಗೆ.

ಬೆಳಗ್ಗೆ ಬುತ್ತಿ ಹೆಗಲಿಗೇರಿಸಿದ್ದೆ. ಹೊರಗೆ ಮಂಜು, ಎದುರಿನ ಬೇವಿನ ಮರ ಕಾಣದಷ್ಟು. ಮೇಲೆಲ್ಲೋ ಗುರ್ ಎಂಬ ಸದ್ದು. ಕೇರಿಯ ನಾಯಿಗಳೆಲ್ಲ ಒಳಗೆ ಓಡಿದವು. ಸದ್ದು ಸರ್ಕಾರಿ ದನ ಮೇಯುವ ಕಾವಲಿನ ಕಡೆ ಇಳಿದು ನಿಂತಿತು. ಸ್ವಲ್ಪ ಹೊತ್ತಿಗೆ ಕಾವಲುಗಾರ ಜುಂಜಣ್ಣ ಓಡಿಬಂದ. ಅಮೃತಮಹಲಿನ ದನ ಕಾಯುವ ಮ್ಯಾಸನಾಯಕರ ಕುಲದವನು. ಹುಲಿಗೂ ಹೆದರದವನ ಬಾಯಿ ಒಣಗಿತ್ತು.

"ಮೇಷ್ಟ್ರೇ, ಬರ್ರಿ ಬಿರ್ನೆ. ಕಾವಲೊಳಗೆ ಏನೋ ನುಗ್ಗೈತೆ. ರೆಕ್ಕೆ ಐತೆ, ಗಾಲಿ ಐತೆ. ಅದ್ರ ಹೊಟ್ಟೆಯಾಗಿಂದ ಒಬ್ಬ ಬಿಳಿ ದೊರೆ ಇಳಿದವ್ನೆ. ಟಸ್ ಪುಸ್ ಅಂತಾನೆ. ನನ್ನ ಎತ್ತೆಲ್ಲ ಚೆಲ್ಲಾಪಿಲ್ಲಿ!"

ಹೋದೆ. ಹುಲ್ಲಿನ ನಡುವೆ ನಿಂತಿತ್ತು. ಮೇಲೊಂದು ಕೆಳಗೊಂದು ರೆಕ್ಕೆ. ಮೈಯೆಲ್ಲ ಬಟ್ಟೆ! ಕಬ್ಬಿಣವೆಂದುಕೊಂಡಿದ್ದೆ. ಬಟ್ಟೆ, ಮರ, ತಂತಿ. ಮಂಜಿನ ಹನಿ ಕೂತು ಮಿನುಗುತ್ತಿತ್ತು. ಮಗ್ಗದ ಮನೆಯಲ್ಲಿ ಇರಬೇಕಾದ್ದು ಆಕಾಶಕ್ಕೆ ಹೋಗಿ ಬಂದಿದೆ.

ಊರಿನ ಶ್ಯಾನುಭೋಗರು ಆಗಲೇ ಬಂದು ರುಮಾಲು ಸರಿಮಾಡಿಕೊಳ್ಳುತ್ತಿದ್ದರು. ಜುಂಜಣ್ಣ ಕೋಲೂರಿ ಅವರೆದುರು ವಾದ ಹೂಡಿದ.

"ಸ್ವಾಮಿ, ಕಾವಲೊಳಗೆ ಅಪ್ಪಣೆ ಇಲ್ದೆ ಬಂದ ಜೀವಾನ ದೊಡ್ಡಿಗೆ ಕೂಡ್ಬೇಕು. ಅದು ಕಾನೂನು. ಇದನ್ನ ಎಲ್ಲಿ ಹಿಡಿದು ಎಳೀಲಿ? ಮೂಗುದಾರ ಇಲ್ಲ, ಕೊಂಬಿಲ್ಲ."

"ಲೇ ಜುಂಜ, ಇದು ಜೀವ ಅಲ್ಲ ಕಣೋ."

"ಜೀವ ಅಲ್ದಿದ್ರೆ ಅಂಗ್ಯಾಕೆ ಬುಸುಗುಡ್ತು?"

ದೊರೆ ಚಿಕ್ಕವನು. ಮೂಗಿನ ಮೇಲೆ ಮಚ್ಚೆಗಳು. ಬೆಂಗಳೂರಿನಿಂದ ಬಳ್ಳಾರಿಗೆ ಹೊರಟವನು ಮಂಜಿನಲ್ಲಿ ದಾರಿ ತಪ್ಪಿ ಇಳಿದಿದ್ದ. ನನಗೆ ಇಂಗ್ಲಿಷ್ ಬರುತ್ತದೆಂದು ತಿಳಿದ ಕೂಡಲೇ ಮುಖ ಅರಳಿತು. ನಕ್ಷೆ ಬಿಚ್ಚಿದ. ನೀಟಾದ ನಕ್ಷೆ. ಹೊಳಲ್ಕೆರೆಯೂ ಇತ್ತು!

ನಾನು ಬೆರಳಿಟ್ಟು ತೋರಿಸಿದೆ — ಇದು ಚಳ್ಳಕೆರೆ, ಹೀಗೆ ಉತ್ತರಕ್ಕೆ ಮೊಳಕಾಲ್ಮೂರಿನ ಗುಡ್ಡ, ಅದರಾಚೆ ಬಳ್ಳಾರಿ ರಸ್ತೆ. ಅವನು ತಲೆ ಕೆರೆದುಕೊಂಡ. ಕಾಗದದಲ್ಲಿ ಸರಿ, ಮೇಲಿನಿಂದ ನೋಡಿದರೆ ಈ ಸೀಮೆಯ ಗುಡ್ಡಗಳೆಲ್ಲ ಒಂದೇ ಥರ ಎಂದ. ಮುಂದೆ ಒಂದು ಸೀಟು ಖಾಲಿಯಿದೆ. ಯಾರಾದರೂ ಬಂದು ಆ ಗುಡ್ಡ ತೋರಿಸಿಕೊಟ್ಟರೆ ಅಲ್ಲೇ ಬಯಲಲ್ಲಿ ಇಳಿಸಿ ಹೋಗುತ್ತೇನೆ ಎಂದ.

ಇದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು. ಹೇಳಿದೆ.

ಶ್ಯಾನುಭೋಗರು ಒಂದು ಹೆಜ್ಜೆ ಮುಂದೆ ಬಂದರು. "ನಾನು ಬರ್ತೀನಿ ಅನ್ನು. ತಾಲ್ಲೂಕಿನ ಎಲ್ಲೆಕಟ್ಟು ನನ್ನ ನಾಲಿಗೆ ಮೇಲೈತೆ."

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನಾನು ಬರುತ್ತೇನೆಂದು ಬಾಯಿ ಬಿಡಲಾರೆ. ಹದಿನೆಂಟು ನಿಮಿಷ ನನ್ನ ಎದುರಿಗೇ ನಿಂತಿದೆ, ಇನ್ನೊಬ್ಬರ ಪಾಲಾಗುತ್ತಿದೆ. ದೊರೆ ಒಳಗಿಂದ ಒಂದು ಟೋಪಿ ತೆಗೆದು ಅವರ ಕೈಗಿತ್ತ. ಕಂದು ಚರ್ಮದ ಟೋಪಿ. ಕಿವಿ ಮುಚ್ಚುವಂಥದ್ದು, ಗಲ್ಲದ ಕೆಳಗೆ ಬಿಗಿಯಲು ವಾರು.

ಶ್ಯಾನುಭೋಗರ ಕೈ ಹಿಂದಕ್ಕೆ ಸರಿಯಿತು. ಟೋಪಿ ಹುಲ್ಲಿಗೆ ಬಿತ್ತು.

"ಇದು ಯಾತರದ್ದು ಕೇಳು."

ಕೇಳುವುದೇನು? ಮಾದಿಗನ ಮಗನನ್ನು ಚರ್ಮ ಯಾತರದ್ದೆಂದು ಕೇಳುತ್ತೀರಾ! ದನದ್ದು ಎಂದೆ.

"ಬಟ್ಟೇದು ಇಲ್ವೇನು? ರುಮಾಲು ಸುತ್ಕೊಂಡೇ ಕೂರ್ತೀನಿ ಅನ್ನು."

ಅನುವಾದಿಸಿದೆ. ರುಮಾಲು ಗಾಳಿಗೆ ಹಾರಿ ಹೋಗುತ್ತದೆ, ಎದೆಗೂ ಚರ್ಮದ ಪಟ್ಟಿ ಬಿಗಿಯಲೇಬೇಕು ಎಂದ ದೊರೆ.

ಶ್ಯಾನುಭೋಗರು ಆಕಾಶ ನೋಡಿದರು. "ಇವತ್ತು ಸೋಮವಾರ. ಶೂಲ ಐತೆ. ಪ್ರಯಾಣ ಕೂಡದು."

"ಸೋಮವಾರ ಮೂಡಕ್ಕಲ್ವಾ ಸ್ವಾಮಿ ಶೂಲ?" ಅಂದ ಜುಂಜಣ್ಣ. "ಇದು ಬಡಗಕ್ಕೆ ಹೋಗೋದು."

"ನಿನ್ನ ಕೆಲಸ ನೋಡೋ!"

ನಾನು ಬಾಗಿ ಟೋಪಿ ಎತ್ತಿಕೊಂಡೆ. ಯಾರೂ ಬೇಡ ಎನ್ನಲಿಲ್ಲ. ಹೇಗೆ ಎಂದಾರು? ದನದ ಚರ್ಮ ನಮ್ಮದು. ಅವರೇ ಹಂಚಿಕೊಟ್ಟದ್ದು, ಸಾವಿರ ವರ್ಷದಿಂದ. ಅವರು ಕಟ್ಟಿದ ಬೇಲಿ ಇವತ್ತು ಅವರನ್ನೇ ಹೊರಗಿಟ್ಟಿತು. ಟೋಪಿ ತಲೆಗೆ ಹಾಕಿಕೊಂಡೆ. ಒಳಗೆ ಅಪ್ಪನ ಕೈಯ ವಾಸನೆ. ಸತ್ತು ಆರು ವರ್ಷವಾದ ಅಪ್ಪ, ತಂಗಡಿ ತೊಗಟೆಯ ನೀರಲ್ಲಿ ತೊಗಲು ನೆನೆಹಾಕುತ್ತಿದ್ದ ಅಪ್ಪ, ನನ್ನ ಎರಡೂ ಕಿವಿ ಮುಚ್ಚಿ ಹಿಡಿದ ಹಾಗಾಯಿತು.

ಹತ್ತುವ ಮುಂಚೆ ಚಪ್ಪಲಿ ಬಿಟ್ಟೆ. ನಾನು ಬಿಡಲಿಲ್ಲ, ಕಾಲು ಬಿಟ್ಟಿತು. ದೊಡ್ಡದು ಎದುರು ಬಂದರೆ ಬಿಡುವುದು ನಮ್ಮ ಕಾಲಿಗೆ ಅಭ್ಯಾಸ. ದೊರೆ ನೋಡಿ ನಕ್ಕ. ಹಾಕಿಕೋ ಹಾಕಿಕೋ, ಮೇಲೆ ಚಳಿಯಿದೆ ಎಂದ. ಆಮೇಲೆ ಬಗ್ಗಿ ತನ್ನ ಕೈಯಿಂದಲೇ ನನ್ನ ಎದೆಯ ಮೇಲೆ ಪಟ್ಟಿ ಬಿಗಿದ. ಬೆರಳು ನನ್ನ ಅಂಗಿಗೆ, ಅಂಗಿಯೊಳಗಿನ ಎದೆಗೆ ತಾಕಿದವು. ನಾಡಿಗೆ ದೊರೆಗಳಾಗಿ ಬಂದವರ ಮೇಲೆ ನನಗೆ ಪ್ರೀತಿಯಿಲ್ಲ. ಆದರೆ ಕೇರಿಯ ಹೊರಗಿನವನೊಬ್ಬ ನನ್ನನ್ನು ಮುಟ್ಟಿ, ಕೈ ತೊಳೆಯಲಿಲ್ಲ. ಅದನ್ನು ಬರೆಯದೆ ಬಿಡಲಾರೆ.

ಮಂಜು ಹರಿದಿತ್ತು. ಓಡಿತು, ಕುಣಿಯಿತು, ಹುಲ್ಲು ಹಿಂದೆ ಹಿಂದೆ ಹರಿಯಿತು. ಆಮೇಲೆ ಕುಣಿತ ನಿಂತಿತು. ಬಗ್ಗಿ ನೋಡಿದೆ. ನೆಲ ಇರಲಿಲ್ಲ.

ಏನೆಂದು ಬರೆಯಲಿ! ಜುಂಜಣ್ಣ ಒಂದು ಹುಲ್ಲುಕಡ್ಡಿ. ಶ್ಯಾನುಭೋಗರ ರುಮಾಲು ಒಂದು ಅಕ್ಕಿಕಾಳು. ಚಳ್ಳಕೆರೆಯ ಕೆರೆ ಅಂಗೈಯಲ್ಲಿ ಹಿಡಿದ ನೀರು. ಎದುರಿನ ಹಲಗೆಯಲ್ಲಿ ಗಡಿಯಾರವಿತ್ತು. ಕೆರೆ ದಾಟುವಾಗ ನೋಡಿ ಮನಸ್ಸಲ್ಲಿಟ್ಟುಕೊಂಡೆ.

ಒಂದು ಕಡೆ ಕೆಂಪು ನೆಲ, ಒಂದು ಕಡೆ ಕರಿ ಎರೆ. ಕಡಲೆಕಾಯಿ ಕಣಗಳು. ಕುರಿಮಂದೆಯೊಂದು ಚೆಲ್ಲಿದ ಎಳ್ಳಿನ ಹಾಗೆ. ಗಾಳಿ ಕಣ್ಣಿಂದ ನೀರು ಹಿಂಡುತ್ತಿತ್ತು. ಗಾಳಿಯದೇ ನೀರು ಎನ್ನಲಾರೆ.

ಆಮೇಲೆ ಕಂಡೆ.

ಕೆಂಪಗುಡ್ಡದ ಹಟ್ಟಿ. ಕೆರೆ, ಗರುಡಗಂಬ, ನೆಟ್ಟಗಿನ ಬೀದಿ. ಅದರ ಸುತ್ತ ಒಂದು ಬಿಳಿಯ ಗೆರೆ. ರಸ್ತೆಯಿಂದ ಒಡೆದು, ನೀರಿನಂಚಿನಲ್ಲಿ ಹೋಗಿ, ಬಂಡೆಗುಡ್ಡದ ಮೈಮೇಲೆ ಏರಿ, ಹಿಂದಿಳಿದು ಮತ್ತೆ ರಸ್ತೆಗೆ. ಸುಣ್ಣದಲ್ಲಿ ಎಳೆದಷ್ಟು ಸ್ಪಷ್ಟ. ಅದು ನಮ್ಮ ದಾರಿ. ನಮ್ಮ ಕಾಲು ಸವೆಸಿದ ಕಲ್ಲು, ನಮ್ಮ ಕಾಲು ಬೋಳಾಗಿಸಿದ ನೆಲ. ಪಟೇಲನ ಕಾಗದದಲ್ಲಿ ಇಲ್ಲ. ಸರ್ಕಾರದ ನಕ್ಷೆಯಲ್ಲಿ ಇಲ್ಲ. ಆಕಾಶದಿಂದ ಕಾಣುತ್ತದೆ! ಮುಂದಿನ ಊರಿಗೂ ಅದೇ ಬಿಳಿ ಕುಣಿಕೆ. ಅದರ ಮುಂದಿನದಕ್ಕೂ. ರಸ್ತೆಯೆಂಬ ಹಗ್ಗಕ್ಕೆ ಊರೂರಿಗೂ ಒಂದೊಂದು ಕುಣಿಕೆ, ಉತ್ತರದ ತನಕ.

ಕಿರುಚಿದೆ. ಏನೆಂದು ಕಿರುಚಿದೆನೋ. ಯಂತ್ರದ ಸದ್ದಿನಲ್ಲಿ ನನಗೇ ಕೇಳಲಿಲ್ಲ.

ಇನ್ನೊಂದನ್ನೂ ಕಂಡೆ. ಕೆಳಗೆ ನಮ್ಮ ನೆರಳು ಓಡುತ್ತಿತ್ತು. ಪುಟ್ಟ ಕರಿ ಹಕ್ಕಿ. ಹಟ್ಟಿ ಬಂತು. ನಾನು ಉಸಿರು ಹಿಡಿದೆ. ನೆರಳು ಕೆರೆಯ ಹಿಂದೆ ಹೋಗಲಿಲ್ಲ. ಬಂಡೆ ಹತ್ತಲಿಲ್ಲ. ಗರುಡಗಂಬದ ಮೇಲೆ ಹಾದು, ಬೀದಿಯ ಈ ತುದಿಯಿಂದ ಆ ತುದಿಗೆ, ಪಟೇಲನ ಜಗುಲಿಯ ಮೇಲೂ, ಗುಡಿಯ ಗೋಪುರದ ಮೇಲೂ — ನೆಟ್ಟಗೆ. ನಮ್ಮ ನೆರಳು ಬಿದ್ದರೆ ನೀರು ಚಿಮುಕಿಸಿಕೊಳ್ಳುವ ಬೀದಿ ಅದು. ಆ ನೆರಳಿನೊಳಗೆ ನಾನಿದ್ದೆ. ಚಪ್ಪಲಿ ಹಾಕಿಕೊಂಡು.

ಗಡಿಯಾರ ಮತ್ತೆ ನೋಡಿದ್ದು ಮೊಳಕಾಲ್ಮೂರಿನ ನುಂಕಪ್ಪನ ಬೆಟ್ಟ ಬಂದಾಗ, ಅವ್ವನ ಕೇರಿಯ ಹುಣಸೆಮರ ಕಂಡಾಗ. ಹದಿನೆಂಟು ಆಗಿತ್ತು. ಹತ್ತೊಂಬತ್ತೋ ಏನೋ, ಮುಳ್ಳು ನಡುಗುತ್ತಿತ್ತು. ಕೈ ಚಾಚಿ ಬಳ್ಳಾರಿ ರಸ್ತೆ ತೋರಿಸಿದೆ. ಊರಾಚೆ ಹಾನಗಲ್ ಹಳ್ಳಿಯ ಕಡೆಯ ಬಯಲಲ್ಲಿ ಇಳಿಸಿದ. ಕೈ ಕುಲುಕಿದ. ಟೋಪಿ ಕೇಳಿ ತೆಗೆದುಕೊಂಡ. ಹೋದ.

ಸದ್ದು ಅಡಗಿದ ಮೇಲೂ ನೆಲ ತಿರುಗುತ್ತಿತ್ತು. ಕೂತುಬಿಟ್ಟೆ. ಮಣ್ಣು ಮುಟ್ಟಿ ನೋಡಿದೆ.

೧೩-೧೨, ಮಂಗಳವಾರ. ಬೆಳಗ್ಗೆ

ನಿನ್ನೆ ಅವ್ವ ಬಾಗಿಲಲ್ಲೇ ನಿಂತಿದ್ದಳು, ಮುಖ ಮೇಲೆತ್ತಿ.

"ಏನೋ ಹರೀತು ಕಣ್ಲಾ ಮ್ಯಾಲೆ. ಹೊಸ ಸೀರೆ ಸೀಳಿದಂಗೆ. ಕೇಳುಸ್ತಾ?"

"ಅದ್ರಾಗೇ ಬಂದೆ ಅವ್ವ."

ನನ್ನ ಮುಖ ಹಿಡಿದು ಬೆರಳಾಡಿಸಿದಳು. ಗಲ್ಲದ ಕೆಳಗೆ ವಾರಿನ ಗುರುತು, ಕೆನ್ನೆಯ ಮೇಲೆ ಎಣ್ಣೆಯ ಜಿಡ್ಡು. ಬೆರಳು ಮೂಸಿದಳು.

"ನಿಮ್ಮಪ್ಪನ ವಾಸನೆ ಬತ್ತೈತೆ ನಿನ್ನ ತಲೆಯಾಗೆ" ಎಂದಳು. ನಂಬಿದಳು.

ನಾಗರಾಜಪ್ಪ ಮಾತ್ರ ನಂಬಲಿಲ್ಲ. "ಅಬದ್ಧಂ! ಏಮಪ್ಪಾ ಓಬಯ್ಯ, ಜ್ವರ ಬಂದಿತ್ತಂತೆ, ಇನ್ನೂ ಇಳಿದಿಲ್ಲೇನು?" ಆದರೂ ಚಳ್ಳಕೆರೆ ದಾರಿಯ ಕೊಂಡ್ಲಹಳ್ಳಿ ಕಡೆಗೆ ಹೊರಟಿರುವ ತನ್ನ ಗಾಡಿಯಲ್ಲಿ ಅವ್ವನಿಗೆ ಹಿಂದೆ ಜಾಗ ಕೊಟ್ಟಿದ್ದಾನೆ. ಊರು ಬಂದಾಗ ಇಳಿದುಬಿಡಬೇಕು, ಊರು ದಾಟಿದ ಮೇಲೆ ಹತ್ತಬೇಕು. "ನನಗೇನೂ ಇಲ್ಲಮ್ಮ, ನೋಡೋರ ಕಣ್ಣು" ಎಂದ. ಎಲ್ಲರೂ ಹೀಗೇ. ಯಾರಿಗೂ ಏನೂ ಇಲ್ಲ. ನೋಡುವವರ ಕಣ್ಣಿಗೆ ಮಾತ್ರ.

ಗುರುವಾರ ಮಧ್ಯಾಹ್ನದೊಳಗೆ. ಈಗ ಲೆಕ್ಕ ಕೂಡುತ್ತದೆ. ಹಟ್ಟಿಯೊಂದನ್ನು ಬಿಟ್ಟು.

೧೪-೧೨, ಬುಧವಾರ. ಸಂಜೆ

ನಿನ್ನೆ ಗಾಡಿ. ಇವತ್ತೆಲ್ಲ ನಡಿಗೆ. ಪ್ರತಿ ಸುತ್ತುದಾರಿಯಲ್ಲೂ ಕಾಲ ಕೆಳಗೆ ನೋಡಿದೆ. ಇದೇ, ಮೇಲಿಂದ ಕಂಡದ್ದು. ಇಲ್ಲಿ ಬರೀ ಮಣ್ಣು, ಮುಳ್ಳು.

ಅವ್ವ ದಾರಿಯುದ್ದಕ್ಕೂ ಕೇಳುತ್ತಾಳೆ. ಬೇಸರವಿ‌ಲ್ಲ.

"ಕೇರಿ ಯಾವುದು ಊರು ಯಾವುದು ಗೊತ್ತಾಯ್ತಿತ್ತಾ?"

"ಇಲ್ಲವ್ವ. ಎಲ್ಲ ಮಾಡು ಒಂದೇ ಬಣ್ಣ. ಹೊಗೆನೂ ಒಂದೇ."

"ದೇವ್ರು ಕಂಡ್ನಾ?"

"ಇಲ್ಲ."

"ಒಳ್ಳೇದಾತು. ಕಂಡಿದ್ರೆ ಅವನೂ ದೂರ ನಿಲ್ಲು ಅಂತಿದ್ನೋ ಏನೋ."

ಈಗ ಹಟ್ಟಿಗೆ ಕೂಗಳತೆ. ಹುಣಸೆಮರದಡಿ ಇಳಿದುಕೊಂಡಿದ್ದೇವೆ. ಬೆಳಕಿರುವಾಗಲೇ ಬಂಡೆಗುಡ್ಡದ ಬುಡಕ್ಕೆ ಅವ್ವನನ್ನು ಕರೆದುಕೊಂಡು ಹೋಗಿ ಹತ್ತಿಸಿ ನೋಡಿದೆ. ಮೂರನೆಯ ಕಲ್ಲಿಗೆ ಕಾಲು ಜಾರಿತು. ಹಿಡಿದುಕೊಂಡೆ. ಮೊಣಕಾಲು ತರಚಿದೆ. ಎತ್ತಿಕೊಂಡು ಹತ್ತಲು ನೋಡಿದೆ, ಜ್ವರ ಬಿಟ್ಟ ಮೈ, ನಾನೇ ಬಿದ್ದೆ.

ಅವ್ವ ಬೈದಳು — ಬಂಡೆಯನ್ನಲ್ಲ, ನನ್ನನ್ನಲ್ಲ. ಯಾರನ್ನು ಬೈದಳೋ ಹೆಸರು ಹೇಳಲಿಲ್ಲ. "ಕಾಣಾಕಿಲ್ಲ ಅನ್ನೋ ದಾರೀಲಿ ಕಾಣದೋಳು ಹೆಂಗಪ್ಪ ಹೋಗ್ಲಿ" ಎಂದಳು.

೧೫-೧೨, ಗುರುವಾರ. ಬೆಳಗಾಗುತ್ತಿದೆ

ಬೀದಿಯ ಬಾಯಲ್ಲಿ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವ್ವ ಪಕ್ಕದಲ್ಲಿ. ಮುಂದೆ ಗರುಡಗಂಬ. ಬೀದಿಗೆ ನೀರು ಚಿಮುಕಿಸಿದ್ದಾರೆ, ರಂಗೋಲಿ ಇನ್ನೂ ಹಸಿ. ಮೊನ್ನೆ ವಿಮಾನದ ನೆರಳಿಗೆ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿದದ್ದು ಇದೇ ಬೀದಿ. ಇಲ್ಲಿಂದ ಆ ತುದಿ ಕಾಣುತ್ತದೆ. ತುದಿಯಾಚೆ ಏಳು ಮೈಲಿ, ಆಸ್ಪತ್ರೆ, ಡಾಕ್ಟರು, ಅವ್ವನ ಕಣ್ಣು.

ಹೆದರಿಕೆಯಿದೆ. ಸುಳ್ಳು ಯಾಕೆ ಬರೆಯಲಿ. ಆದರೆ ಮೇಲಿನಿಂದ ನೋಡಿ ಬಂದಿದ್ದೇನಲ್ಲ — ಈ ಬೀದಿ ಒಂದು ಎಳೆ. ಕೆಂಪು ರೇಷ್ಮೆಯ ಎಳೆಯಷ್ಟೇ ಉದ್ದ. ಬಿಗಿಯಾಗಿ ಹಿಡಿದು ನಡೆದರೆ ಮುಗಿಯಿತು.

ಅವ್ವ ಬಾಗಿದ್ದಾಳೆ. ಬೀದಿಯ ಬಾಯಿ ಬಂತೆಂದು ಹೇಗೆ ತಿಳಿಯಿತೋ, ಹಸಿ ಸಗಣಿಯ ವಾಸನೆಗೋ. ಚಪ್ಪಲಿ ಬಿಚ್ಚಿ ಕಂಕುಳಿಗೆ ಇಟ್ಟುಕೊಳ್ಳುತ್ತಿದ್ದಾಳೆ, ಎಪ್ಪತ್ತು ವರ್ಷದ ಅಭ್ಯಾಸ. ಕೈ ನಡುವೆಯೇ ನಿಂತಿತು.

"ಓಬ."

"ಏನವ್ವ?"

"ಮ್ಯಾಲೆ ಹೋಗಾವಾಗ ನೀನು ಚಪ್ಲಿ ಬಿಟ್ಟಿದ್ದೇನೋ?"

"ಬಿಟ್ಟಿದ್ದೆ. ಹಾಕ್ಕೋ ಅಂದ."

"ಹಾಕ್ಕೊಂಡ್ಯಾ?"

"ಹಾಕ್ಕೊಂಡೆ."

ಅವ್ವ ಚಪ್ಪಲಿಯನ್ನು ಕೆಳಗಿಟ್ಟಳು. ಒಂದು ಕಾಲು ತೂರಿಸಿದಳು. ಇನ್ನೊಂದಕ್ಕೆ ಕಾಲಿನಿಂದಲೇ ತಡಕಾಡಿದಳು. ನಾನು ಬಾಗಿ ಸರಿಮಾಡಿಕೊಟ್ಟೆ. ಅಪ್ಪ ಹೊಲಿದದ್ದು, ಅಟ್ಟೆ ಇನ್ನೂ ಗಟ್ಟಿಯಿದೆ. ನೆಲಕ್ಕೊಮ್ಮೆ ತಟ್ಟಿದಳು. ಸದ್ದು ಬೀದಿಯುದ್ದಕ್ಕೂ ಹೋಯಿತು.

ಯಾರದೋ ಬಾಗಿಲು ತೆರೆಯಿತು. ಇನ್ನೊಂದು.

"ನಡಿ ಮತ್ತೆ" ಎನ್ನುತ್ತಿದ್ದಾಳೆ. ಕೈ ಚಾಚಿದ್ದಾಳೆ. ನಾನು ಈ ಪುಸ್ತಕವನ್ನು ಅಂಗಿಯೊಳಗೆ ಇಟ್ಟು, ಅವ್ವನ ಕೈ ಹಿಡಿದು ಬೀದಿಗೆ ಕಾಲಿಡುತ್ತೇನೆ.